ಪದ ಪರಿಚಯ: ಮೂತ್ರಪಿಂಡದ ನೋವು

ಮೂತ್ರಪಿಂಡದಲ್ಲಿ, ಅದನ್ನು ಹೊದ್ದಿರುವ ಪೊರೆಯಲ್ಲಿ ಅಥವಾ ಅಲ್ಲಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ ಹುಟ್ಟಿ, ಬೆನ್ನಿನ ಒಂದು ಬದಿಯಲ್ಲಿ ಕೊನೆಯ ಪಕ್ಕೆಲುಬಿನ ಕೆಳಗೆ ಕಾಣಿಸಿಕೊಳ್ಳುವ ನೋವನ್ನು ಮೂತ್ರಪಿಂಡದ ನೋವು ಎನ್ನುತ್ತಾರೆ. ಕೊಡಗಿನಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನವಿಡೀ ಗಿಡದಡಿ ಬಗ್ಗಿ, ಸಂಜೆ ಹಣ್ಣಿನ ಚೀಲ ಹೊತ್ತು ಕಣಕ್ಕೆ ತಂದವರಿಗೆ ಸೊಂಟ ಹಿಡಿದುಕೊಳ್ಳುವುದು ಸಾಮಾನ್ಯ. ಅವರಲ್ಲಿ ಕೆಲವರು ಅದನ್ನೇ ಕಿಡ್ನಿ ನೋವೆಂದು ಹೆದರುತ್ತಾರೆ. ನಿಜವಾಗಿ ಕಿಡ್ನಿಯ ತೊಂದರೆ ಇರುವ ಇನ್ನು ಕೆಲವರು ಬೆನ್ನು ಉಳುಕಿದೆ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ದಿನ ದೂಡುತ್ತಾರೆ. ನನಗೆ ಹೆಚ್ಚು ಕಳವಳ ತರುವುದು ಎರಡನೆಯವರ ವಿಷಯ.

ಮೂತ್ರಪಿಂಡಗಳು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಇವೆ. ಒಂದೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಬಲಗಡೆಯದು ಯಕೃತ್ತಿನ ಕೆಳಗಿರುವುದರಿಂದ ಎಡಗಡೆಯದಕ್ಕಿಂತ ತುಸು ತಗ್ಗಿನಲ್ಲಿರುತ್ತದೆ. ಮೂತ್ರಪಿಂಡದ ಒಳತಿರುಳಿಗೆ ನೋವಿನ ಅರಿವು ಬಹಳ ಕಡಿಮೆ. ಊತದಿಂದ ಹೊರಪೊರೆ ಬಿಗಿದಾಗ ಅಥವಾ ಮೂತ್ರ ಮುಂದೆ ಹರಿಯದೆ ಕಟ್ಟಿಕೊಂಡು ನಾಳ ಹಿಗ್ಗಿದಾಗ ಮಾತ್ರ ನೋವು ಏಳುತ್ತದೆ. ಸ್ನಾಯುವಿನ ನೋವು ಬಗ್ಗಿದರೆ, ತಿರುಗಿದರೆ, ಭಾರ ಎತ್ತಿದರೆ ಹೆಚ್ಚಾಗಿ, ಒರಗಿ ಮಲಗಿದರೆ ತಗ್ಗುತ್ತದೆ. ಮೂತ್ರಪಿಂಡದ ನೋವು ಭಂಗಿ ಬದಲಿಸಿದರೆ ಅಷ್ಟಾಗಿ ಬದಲಾಗುವುದಿಲ್ಲ. ವೈದ್ಯರು ರೋಗಿಯನ್ನು ಕೂರಿಸಿ, ಕೊನೆಯ ಪಕ್ಕೆಲುಬು ಬೆನ್ನುಮೂಳೆಯನ್ನು ಸೇರುವ ಮೂಲೆಯ ಮೇಲೆ ಒಂದು ಅಂಗೈ ಇಟ್ಟು, ಇನ್ನೊಂದು ಕೈಯ ಮುಷ್ಟಿಯಿಂದ ಅದರ ಮೇಲೆ ಮೆಲ್ಲಗೆ ಗುದ್ದುವುದುಂಟು. ಆ ಸಣ್ಣ ಏಟಿಗೇ ರೋಗಿ ಬೆಚ್ಚಿ ಮುಂದಕ್ಕೆ ಸರಿದರೆ, ಮೂತ್ರಪಿಂಡದಲ್ಲಿ ಊತವೋ ಸೋಂಕೋ ಇರಬಹುದೆಂಬ ಸಂಶಯ ಬಲವಾಗುತ್ತದೆ.

ಕಾರಣಗಳಲ್ಲಿ ಹೆಚ್ಚು ಪರಿಚಿತವಾದದ್ದು ಕಲ್ಲು. ಮೂತ್ರ ಗಾಢವಾದಾಗ ಅದರೊಳಗಿನ ಲವಣಗಳು, ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್, ಹರಳುಗಟ್ಟಿ ಬೆಳೆಯುತ್ತವೆ. ಕಲ್ಲು ಮೂತ್ರಪಿಂಡದೊಳಗೆ ಸುಮ್ಮನೆ ಕುಳಿತಿರುವಷ್ಟು ಕಾಲ ಅನೇಕರಿಗೆ ಏನೂ ತಿಳಿಯುವುದಿಲ್ಲ. ಅದು ಸುಮಾರು 25 ಸೆಂಟಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ಅಗಲದ ನಾಳಕ್ಕೆ ಇಳಿದು ಸಿಕ್ಕಿಕೊಂಡಾಗ ನಾಳ ಅದನ್ನು ತಳ್ಳಲು ಹಿಂಡಿಕೊಳ್ಳುತ್ತದೆ. ನೋವು ಅಲೆಯಲೆಯಾಗಿ ಏರಿ, ಪಕ್ಕೆಯಿಂದ ತೊಡೆಸಂದಿನವರೆಗೆ ಇಳಿಯುತ್ತದೆ. ಈ ನೋವು ಬಂದವರು ಒಂದು ಕಡೆ ಮಲಗಿರಲಾರರು, ಕೂತಿರಲಾರರು. ಬೆವರುತ್ತಾ, ವಾಂತಿ ಮಾಡುತ್ತಾ ಕೋಣೆಯುದ್ದಕ್ಕೂ ಅಡ್ಡಾಡುತ್ತಾರೆ. ಕಾಳುಮೆಣಸಿನ ಕಾಳಿನಷ್ಟು, ಅಂದರೆ ಸುಮಾರು 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಾದ ಕಲ್ಲುಗಳು ಹೆಚ್ಚಾಗಿ ತಾವಾಗಿಯೇ ಹೊರಬೀಳುತ್ತವೆ. ದೊಡ್ಡವಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಕಾಫಿ ಕುಡಿಯುವುದರಿಂದ ಕಲ್ಲಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನೀರು ಸಾಲದಿರುವುದು, ಉಪ್ಪು ಅತಿಯಾಗುವುದು, ಮಾಂಸದೂಟ ಮಿತಿಮೀರುವುದು ಕಲ್ಲಿಗೆ ದಾರಿಯಾಗುತ್ತವೆ. ಮಡಿಕೇರಿಯ ಮಳೆಗಾಲದ ಥಂಡಿಯಲ್ಲಿ ಬಾಯಾರಿಕೆಯೇ ಆಗದು, ನೀರಿನ ನೆನಪೂ ಬಾರದು. ತೋಟದ ಹೆಣ್ಣುಮಕ್ಕಳ ಕಷ್ಟ ಬೇರೆ: ಹತ್ತಿರದಲ್ಲಿ ಶೌಚಾಲಯವಿಲ್ಲದ ಕಡೆ ಅವರು ಬೇಕೆಂದೇ ನೀರು ಕುಡಿಯದೆ, ಕಾರ್ಮಿಕರ ವಸತಿಯಾದ ಲೈನ್ ಮನೆಗೆ ಮರಳುವವರೆಗೆ ಮೂತ್ರವನ್ನು ತಡೆದುಕೊಂಡಿರುತ್ತಾರೆ. ಹೆಚ್ಚು ನೀರು ಕುಡಿಯಿರಿ ಎಂದು ಅವರಿಗೆ ಉಪದೇಶಿಸುವ ಮೊದಲು ತೋಟದಲ್ಲೊಂದು ಶೌಚಾಲಯ ಕಟ್ಟಿಸುವುದು ನ್ಯಾಯ.

ಹಾಗೆ ತಡೆದುಕೊಳ್ಳುವುದು ಮೂತ್ರದ ಸೋಂಕಿಗೂ ಎಡೆಮಾಡುತ್ತದೆ. ಕೆಳಗೆ ಮೂತ್ರಕೋಶದಲ್ಲಿ ಉರಿಮೂತ್ರವಾಗಿ ಆರಂಭವಾದ ಸೋಂಕು ನಾಳದ ಮೂಲಕ ಮೇಲೇರಿ ಮೂತ್ರಪಿಂಡವನ್ನು ತಲುಪಿದಾಗ ನಡುಕದೊಂದಿಗೆ ಜ್ವರ ಬರುತ್ತದೆ, ವಾಕರಿಕೆ ಇರುತ್ತದೆ, ಪಕ್ಕೆಯಲ್ಲಿ ಬಿಡದೆ ಕಾಡುವ ಮಂದವಾದ ನೋವು ಕೂರುತ್ತದೆ. ಹೆಂಗಸರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ, ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಕಲ್ಲು ಅಡ್ಡಗಟ್ಟಿದ ಮೂತ್ರಪಿಂಡದಲ್ಲೇ ಸೋಂಕೂ ಸೇರಿಕೊಂಡರೆ ಜೀವಕ್ಕೆ ಅಪಾಯ. ಕಟ್ಟಿನಿಂತ ಮೂತ್ರವನ್ನು ಕೂಡಲೇ ಹೊರಹರಿಸಬೇಕಾಗುತ್ತದೆ. ಬಾಳೆದಿಂಡಿನ ಪಲ್ಯ ಒಳ್ಳೆಯ ಊಟವೇ ಹೌದು, ಆದರೆ ದಿಂಡಿನ ರಸ ಕಲ್ಲನ್ನು ಕರಗಿಸೀತೆಂದು ನಂಬಿ, ಚಳಿಜ್ವರ ಬಂದ ಮೇಲೂ ಮನೆಯಲ್ಲೇ ಕಾಯುವುದು ಸಲ್ಲದು. ದೂರದ ತೋಟದ ಮನೆಯಿಂದ ಮಡಿಕೇರಿಯ ಆಸ್ಪತ್ರೆಗೆ ಬರಲು ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡು, ರಾತ್ರಿಯಾದರೂ ಹೊರಡಬೇಕು.

ಪೆಟ್ಟಿನಿಂದ ಬರುವ ನೋವೂ ಇದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುವವರು ಜಾರಿ, ಪಕ್ಕೆ ನೆಲಕ್ಕೆ ಬಡಿಯುವಂತೆ ಬಿದ್ದಾಗ ಮೂತ್ರಪಿಂಡ ಜಜ್ಜಿಹೋಗಬಹುದು. ಹೊರಗೆ ಬರಿಯ ತರಚು ಗಾಯ ಕಂಡರೂ, ಆಮೇಲೆ ಮೂತ್ರ ಕೆಂಪಾಗಿ ಹೋದರೆ ಸ್ಕ್ಯಾನಿಂಗ್ ಆಗಲೇಬೇಕು.

ಮಳೆಗಾಲದಲ್ಲಿ ಇಲಿಜ್ವರವನ್ನೂ ನೆನಪಿನಲ್ಲಿಡಬೇಕು. ಇಲಿ, ದನಗಳ ಮೂತ್ರ ಬೆರೆತ ಗದ್ದೆಯ ನೀರಿನಿಂದ ಅದರ ಬ್ಯಾಕ್ಟೀರಿಯಾ ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಜ್ವರ, ಮೀನಖಂಡದಲ್ಲಿಯೂ ಸೊಂಟದಲ್ಲಿಯೂ ತೀವ್ರ ನೋವು, ಕಣ್ಣು ಕೆಂಪಾಗುವುದು ಇದರ ಗುರುತುಗಳು. ಇಲ್ಲಿ ಸೊಂಟದ ನೋವು ಬಹುಮಟ್ಟಿಗೆ ಸ್ನಾಯುವಿನದೇ ಆದರೂ, ರೋಗ ಉಲ್ಬಣಿಸಿದರೆ ಮೂತ್ರಪಿಂಡ ದಿಢೀರನೆ ಕೆಲಸ ನಿಲ್ಲಿಸಬಹುದು. ಮೂತ್ರದ ಪ್ರಮಾಣ ಇಳಿಯುವುದು ಅದರ ಮುನ್ಸೂಚನೆ.

ಮೂತ್ರಪಿಂಡದೊಳಗೆ ನೀರುಗುಳ್ಳೆಗಳು ಬೆಳೆಯುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ, ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುವುದು, ಅಪರೂಪಕ್ಕೆ ಗೆಡ್ಡೆ ಕೂಡ ಇಂಥ ನೋವಿಗೆ ಕಾರಣವಾಗುತ್ತವೆ. ಸರ್ಪಸುತ್ತು ಗುಳ್ಳೆ ಏಳುವುದಕ್ಕೆ ಮುಂಚಿನ ದಿನಗಳಲ್ಲಿ ಇದೇ ಜಾಗದಲ್ಲಿ ಉರಿನೋವು ತಂದು ದಾರಿ ತಪ್ಪಿಸುವುದೂ ಉಂಟು. ಮೂತ್ರಪರೀಕ್ಷೆ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ) ಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಎಂಬ ಮೂರರಿಂದ ಹೆಚ್ಚಿನ ಕಾರಣಗಳ ಸುಳಿವು ಸಿಗುತ್ತದೆ.

ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾಗಿರುವಾಗ, ಇಲಿಜ್ವರದಂಥ ಜ್ವರದಲ್ಲಿ, ಅಥವಾ ಮೊದಲೇ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇವು ಹಾನಿ ಮಾಡುತ್ತವೆ. ವೈದ್ಯರು ಕಲ್ಲಿನ ನೋವಿಗೆ ಇದೇ ಗುಂಪಿನ ಔಷಧಿ ಕೊಡುವುದುಂಟು, ಆದರೆ ಮೂತ್ರಪಿಂಡದ ಸ್ಥಿತಿಯನ್ನು ಅಳೆದು ಕೊಡುತ್ತಾರೆ. ಸಂತೆಯ ದಿನ ಕೊಂಡು ಚೀಲದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ನುಂಗುವುದು ಬೇರೆ ವಿಷಯ.

ಸಕ್ಕರೆ ಕಾಯಿಲೆಯಿಂದಲೂ ರಕ್ತದೊತ್ತಡದಿಂದಲೂ ವರ್ಷಗಳ ಕಾಲ ಸವೆಯುವ ಮೂತ್ರಪಿಂಡ ಮಾತ್ರ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದೂ ಕಡೆಗಣಿಸುವಂಥದ್ದಲ್ಲ, ಕೆಲವೊಮ್ಮೆ ಅದು ಗೆಡ್ಡೆಯ ಮೊದಲ ಗುರುತಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆರಡರಲ್ಲಿ ಒಂದು ಇದ್ದರೂ ಬೆನ್ನು ನೋಯುವುದನ್ನು ಕಾಯದೆ, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ (ಒಂದು ಬಗೆಯ ಪ್ರೋಟೀನ್) ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.