ಒಂದು ಮೀಟರ್ ಇಳಿಯೋಕೆ 13 ದಿನ

"ಮಣ್ಣು ತಾನೆ ಸಾರ್, ಕೆಮಿಕಲ್ ಏನಲ್ವಲ್ಲ." ಮನೆ ಕಟ್ಟೋ ಜಾಗದಿಂದ ಮಳೆ ಬಂದಾಗ ಮೋರಿಗೆ ಹರಿಯೋ ಕೆಂಪು ನೀರಿನ ಬಗ್ಗೆ ಕೇಳಿ ನೋಡಿ, ಮೇಸ್ತ್ರಿ ಇರಲಿ ಓನರ್ ಇರಲಿ ಓದಿದ ಇಂಜಿನಿಯರ್ ಇರಲಿ, ಬರೋ ಉತ್ತರ ಇದೇ. ಆಮೇಲೆ ಅದೇ ಜನ ಮಳೆಗಾಲದಲ್ಲಿ ರಾಜಕಾಲುವೆ ಉಕ್ಕಿತು, ಹೂಳು ತೆಗೆಸಿಲ್ಲ, ಅಂತ ಬೈತಾರೆ. ಹೂಳು ಅಂದ್ರೆ ಏನಪ್ಪಾ? ಅದೇ ಮಣ್ಣು!

ಇದನ್ನ ಸರಿಯಾಗಿ ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಮೇರಿಲ್ಯಾಂಡ್‌ನ ಗಾರ್ಡನ್ ವುಲ್ಮನ್, 1967ರಲ್ಲಿ. ಕಾಡಿರೋ ಜಾಗದಿಂದ ಒಂದು ಚದರ ಮೈಲಿಗೆ ವರ್ಷಕ್ಕೆ 100 ಟನ್ ಆಸುಪಾಸು ಮಣ್ಣು ಹೊಳೆಗೆ ಹೋಗತ್ತೆ, ಹೊಲ ಇದ್ರೆ 300ರಿಂದ 800 ಟನ್, ಕಟ್ಟಡಕ್ಕೆ ಅಂತ ಬೋಳು ಮಾಡಿಟ್ಟ ಜಾಗದಲ್ಲಿ ಅದು 1,00,000 ಟನ್ ದಾಟಬಹುದು. ಸೊನ್ನೆ ಜಾಸ್ತಿ ಬಿದ್ದಿಲ್ಲ, ಇನ್ನೊಂದ್ಸಲ ಓದಿ. 1970ರಲ್ಲಿ ಮೇರಿಲ್ಯಾಂಡ್ ಹೀಗೆ ಮಣ್ಣು ಹೊಳೆಗೆ ಹೋಗೋದನ್ನ ತಡೆಯೋಕೆ ಇಡೀ ರಾಜ್ಯಕ್ಕೆ ಕಾನೂನೇ ತಂತು, 1990ರಲ್ಲಿ ದೇಶದ ಮಟ್ಟದಲ್ಲಿ 5 ಎಕರೆಗಿಂತ ದೊಡ್ಡ ಸೈಟ್‌ಗಳಿಗೆ ಪರ್ಮಿಟ್ ಕಡ್ಡಾಯ ಆಯ್ತು, 1999ರ ನಿಯಮದಲ್ಲಿ ಅದನ್ನ 1 ಎಕರೆಗೆ ಇಳಿಸಿದ್ರು. ನಮ್ಮಲ್ಲಿ ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ಕಟ್ಟೋರು ಮೊದಲೇ ಪರಿಸರ ಅನುಮತಿ ತಗೋಬೇಕು. ಬೀದಿ ಬೀದಿಲೂ ಏಳ್ತಿರೋ 30x40 ಮನೆಗಳು ಈ ಲೆಕ್ಕಕ್ಕೇ ಬರಲ್ಲ.

ಸರಿ, ಮಣ್ಣು ಎದ್ದು ಹೋಗೋದು ಹೇಗೆ? ಹರಿಯೋ ನೀರು ಕೊಚ್ಕೊಂಡು ಹೋಗತ್ತೆ ಅಂತ ಎಲ್ಲರೂ ಅನ್ಕೊಂಡಿದಾರೆ. ಅದು ಎರಡನೇ ಹಂತ. ಮೊದಲ ಹೊಡೆತ ಮಳೆ ಹನಿದು. 5 ಮಿಲಿಮೀಟರ್ ದಪ್ಪದ ಹನಿ ನೆಲಕ್ಕೆ ಬೀಳೋವಾಗ ಅದರ ವೇಗ ಸೆಕೆಂಡಿಗೆ 9 ಮೀಟರ್ ಹತ್ರ ಇರತ್ತೆ, ಅಂದ್ರೆ ಗಂಟೆಗೆ 32 ಕಿಲೋಮೀಟರ್. ಬರಿ ನೆಲದ ಮೇಲೆ ಬಿದ್ರೆ ಮಣ್ಣಿನ ಹೆಂಟೆ ಒಡೆದು ಕಣಗಳು ಅರ್ಧ ಮೀಟರ್ ಮೇಲಕ್ಕೆ, ಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಸಿಡಿಯತ್ತೆ (ಹೊಸ ಕಾಂಪೌಂಡ್ ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಕೆಂಪು ಚುಕ್ಕಿ ಇರೋದು ನೋಡಿರ್ತೀರಿ, ಅದು ಇದೇ). ಜರ್ಮನಿಯ ಎವಾಲ್ಡ್ ವೊಲ್ನಿ 19ನೇ ಶತಮಾನದಲ್ಲೇ ಮಳೆ ಮಣ್ಣಿಗೆ ಏನು ಮಾಡತ್ತೆ ಅಂತ ಪ್ರಯೋಗ ಮಾಡಿದ್ದ, ಆದ್ರೆ ಹನಿಯೇ ಮುಖ್ಯ ಆರೋಪಿ ಅಂತ ವಿಜ್ಞಾನಿಗಳು ಒಪ್ಪಿದ್ದು 1940ರ ದಶಕದಲ್ಲಿ ಅಮೆರಿಕದ ಎಲಿಸನ್ ಹನಿ ಹನಿಯಾಗಿ ತೋರಿಸಿದ ಮೇಲೆ. ಸಿಡಿದ ಸಣ್ಣ ಕಣ ನೆಲದ ರಂಧ್ರ ಮುಚ್ಚತ್ತೆ, ನೀರು ಇಂಗೋದು ನಿಲ್ಲತ್ತೆ, ನಿಂತ ನೀರು ಹರಿಯತ್ತೆ, ಆಮೇಲೇ ಕೊಚ್ಚೋದು.

ಈಗ ನನಗೆ ಅತಿ ಇಷ್ಟದ ಭಾಗ, ಸ್ವಲ್ಪ ತಾಳ್ಮೆ ಇರಲಿ. ಜಾರ್ಜ್ ಸ್ಟೋಕ್ಸ್ ಅಂತ ಕೇಂಬ್ರಿಡ್ಜ್‌ನಲ್ಲಿದ್ದ ಗಣಿತಜ್ಞ, ಲೋಲಕಕ್ಕೆ ಗಾಳಿ ಎಷ್ಟು ತಡೆ ಒಡ್ಡತ್ತೆ ಅಂತ ತಲೆ ಕೆಡಿಸ್ಕೊಂಡಿದ್ದ, ಅದೇ ಲೆಕ್ಕದಲ್ಲಿ 1851ರಲ್ಲಿ ಮೋಡದ ಹನಿಗಳು ಯಾಕೆ ತೇಲ್ತಾ ಇರ್ತಾವೆ ಅನ್ನೋದಕ್ಕೂ ಉತ್ತರ ಕೊಟ್ಟ. ಅವನ ಸೂತ್ರದ ತಿರುಳು ಏನಪ್ಪಾ ಅಂದ್ರೆ, ಕಣ ಮುಳುಗೋ ವೇಗ ಅದರ ಗಾತ್ರದ ವರ್ಗದ ಮೇಲೆ ನಿಂತಿದೆ. ಹತ್ತು ಪಟ್ಟು ಸಣ್ಣ ಆದ್ರೆ ನೂರು ಪಟ್ಟು ನಿಧಾನ. 0.1 ಮಿಲಿಮೀಟರಿನ ಸಣ್ಣ ಮರಳು ನಿಂತ ನೀರಲ್ಲಿ ಒಂದು ಮೀಟರ್ ಇಳಿಯೋಕೆ ಎರಡು ನಿಮಿಷ ಸಾಕು. 0.01 ಮಿಲಿಮೀಟರಿನ ಮೆಕ್ಕಲು ಕಣಕ್ಕೆ 3 ಗಂಟೆ. 0.001 ಮಿಲಿಮೀಟರಿನ ಜೇಡಿ ಕಣಕ್ಕೆ? ಸುಮಾರು 13 ದಿನ. ಅದೂ ನೀರು ಅಲ್ಲಾಡದೆ ನಿಂತಿದ್ರೆ. 30x40 ಸೈಟ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 5,500 ಲೀಟರ್ ನೀರು, ಅದನ್ನ 13 ದಿನ ಕದಲಿಸದೆ ಎಲ್ಲಿ ಇಟ್ಕೋತೀರಿ, ಅಷ್ಟರಲ್ಲಿ ಮುಂದಿನ ಮಳೆ ಬಂದಿರತ್ತೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ಸೈಟ್ ಮೂಲೇಲಿ ಜೆಸಿಬಿ ತಂದು ಆಳವಾಗಿ ಗುಂಡಿ ತೋಡ್ತಾರೆ, ಆಳ ಇದ್ದಷ್ಟೂ ಹೂಳು ಚೆನ್ನಾಗಿ ಕೂರತ್ತೆ ಅಂತ. 1904ರಲ್ಲೇ ಅಲೆನ್ ಹೇಜನ್ ಅನ್ನೋ ಇಂಜಿನಿಯರ್ ಇದು ತಪ್ಪು ಅಂತ ತೋರಿಸಿದ್ದಾನೆ. ಗುಂಡಿ ಎರಡು ಪಟ್ಟು ಆಳ ಮಾಡಿದ್ರೆ ನೀರು ಎರಡು ಪಟ್ಟು ಹೊತ್ತು ನಿಲ್ಲತ್ತೆ ನಿಜ, ಆದ್ರೆ ಕಣ ಎರಡು ಪಟ್ಟು ದೂರ ಇಳೀಬೇಕಲ್ಲ, ಹಾಗಾಗಿ ಲಾಭ ಸೊನ್ನೆ. ಬೇಕಿರೋದು ಅಗಲ. ಆಳ ಅಂದ್ರೆ ಕೂತ ಹೂಳಿಗೆ ಜಾಗ, ಅಷ್ಟೇ.

ಅಗಲ ಮಾಡಿದ್ರೂ ಜೇಡಿ ಸುಲಭಕ್ಕೆ ಬಗ್ಗಲ್ಲ. ಜೇಡಿ ಕಣಗಳ ಮೈಮೇಲೆ ಋಣ ವಿದ್ಯುದಂಶ, ಒಂದನ್ನೊಂದು ತಳ್ತಾವೆ, ಹತ್ರ ಬಂದು ಗಂಟಾಗಲ್ಲ. ಮಳೆ ನೀರಲ್ಲಿ ಉಪ್ಪಿನಂಶ ಬೇರೆ ಕಮ್ಮಿ, ಹಾಗಾಗಿ ಆ ತಳ್ಳಾಟಕ್ಕೆ ತಡೆ ಇಲ್ಲ. ನದಿ ಸಮುದ್ರ ಸೇರೋ ಕಡೆ ಉಪ್ಪು ಸಿಕ್ಕಿದ ತಕ್ಷಣ ಕಣಗಳು ಅಂಟ್ಕೊಂಡು ತಳ ಸೇರ್ತಾವೆ, ಹಳ್ಳಿಯಲ್ಲಿ ಕದಡಿದ ನೀರಿಗೆ ಪಟಿಕ ಆಡಿಸಿದ್ರೆ ಆಗೋದೂ ಹೆಚ್ಚುಕಮ್ಮಿ ಅದೇ, ಅಲ್ಯೂಮಿನಿಯಂ ಬಂದು ಆ ವಿದ್ಯುದಂಶ ತಣಿಸತ್ತೆ. ಪಟಿಕದ ಥರಾನೇ ಹಿಂದೆ ಚಿಲ್ಲದ ಬೀಜ ತೇಯ್ದು ಹಾಕ್ತಿದ್ರು, ಸಂಸ್ಕೃತದಲ್ಲಿ ಕತಕ. ನಮ್ಮ ಪೂರ್ವಜರಿಗೆ ಎಲ್ಲಾ ಗೊತ್ತಿತ್ತು ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋರಿಗೆ ಒಂದು ವಿಷಯ: ಮನುಸ್ಮೃತಿಯ ಆರನೇ ಅಧ್ಯಾಯದಲ್ಲೇ ಒಂದು ಶ್ಲೋಕ ಇದೆ, ಕತಕದ ಕಾಯಿ ನೀರು ತಿಳಿ ಮಾಡತ್ತೆ, ಆದ್ರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗಲ್ಲ ಅಂತ. ಆ ಪುಸ್ತಕದ ಜೊತೆ ನನಗೆ ಸಾವಿರ ಜಗಳ ಇದೆ, ಈ ಸಾಲಿಗೆ ಮಾತ್ರ ತಕರಾರಿಲ್ಲ. ಕಾಗದದ ಮೇಲೆ ಪರಿಸರ ನಿರ್ವಹಣಾ ಯೋಜನೆ ಬರೆದು ಫೈಲ್‌ನಲ್ಲಿ ಇಡೋರ ಆಫೀಸಲ್ಲಿ ಇದನ್ನ ಫ್ರೇಮ್ ಹಾಕಿಸಿ ತೂಗುಹಾಕಬೇಕು.

ಇನ್ನು ಸಿಲ್ಟ್ ಫೆನ್ಸ್. ದೊಡ್ಡ ರಸ್ತೆ ಕೆಲಸದಲ್ಲಿ ಅಪರೂಪಕ್ಕೆ ಕಾಣತ್ತೆ, ಗೂಟಕ್ಕೆ ಕಟ್ಟಿದ ಕಪ್ಪು ಬಟ್ಟೆ. ಅದು ಕಾಫಿ ಫಿಲ್ಟರ್ ಥರ ಸೋಸತ್ತೆ ಅಂತ ಹಾಕೋರೂ ನಂಬಿದಾರೆ. ಸೋಸಲ್ಲ, ಜೇಡಿ ಕಣಕ್ಕೆ ಅದರ ತೂತು ಹೆಬ್ಬಾಗಿಲು. ಅದು ಮಾಡೋದು ನೀರನ್ನ ತಡೆದು ಹಿಂದೆ ಕೊಳ ಕಟ್ಟೋ ಕೆಲಸ, ಆ ಕೊಳದಲ್ಲಿ ಮರಳು ಮೆಕ್ಕಲು ಕೂರತ್ತೆ. ಅದಕ್ಕೇ ಬಟ್ಟೆಯ ಬುಡ ಒಂದು ಗೇಣು ಮಣ್ಣೊಳಗೆ ಹೂಳದಿದ್ರೆ ನೀರು ಕೆಳಗಿಂದ ನುಗ್ಗಿ ಹೋಗತ್ತೆ, ಬಟ್ಟೆ ಮೇಲೆ ಶೋಕಿಗೆ ನಿಂತಿರತ್ತೆ. ಹಸಿರು ನೆಟ್ ಮತ್ತು ತಗಡಿನ ಶೀಟು ಇದ್ಯಾವುದಕ್ಕೂ ಬರಲ್ಲ, ಧೂಳಿಗೆ ಸ್ವಲ್ಪ, ಮರ್ಯಾದೆಗೆ ಜಾಸ್ತಿ.

ಹಾಗಾಗಿ ನನ್ನ ಹಠ ಒಂದೇ: ಜೇಡಿ ನೀರಿಗೆ ಇಳಿದ ಮೇಲೆ ಹಿಡಿಯೋಕೆ ಓಡಬೇಡಿ, ಹನಿ ಮಣ್ಣಿಗೆ ತಾಗೋಕೆ ಮುಂಚೆ ಅಡ್ಡ ಏನಾದ್ರೂ ಹಾಕಿ. ರಾಗಿ ಹುಲ್ಲು, ಭತ್ತದ ಹುಲ್ಲು, ಒಣಗಿದ ತೆಂಗಿನ ಗರಿ, ಏನಾದ್ರೂ. ಇಳಿಜಾರಿದ್ರೆ ತೆಂಗಿನ ನಾರಿನ ಜಾಲರಿ ಹಾಸಿ ಹುಲ್ಲು ಬೆಳೆಸಬಹುದು, ನಾರು ಕೊಳೆಯೋ ಹೊತ್ತಿಗೆ ಬೇರು ಹಿಡ್ಕೊಂಡಿರತ್ತೆ. ಲಾವಂಚ ಅಂತೂ ನಮ್ಮದೇ ಕಥೆ, ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಬೇಲಿ ಥರ ನೆಡ್ತಿದ್ರು, 1980ರ ದಶಕದಲ್ಲಿ ವಿಶ್ವಬ್ಯಾಂಕ್‌ನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ ಈ ಹುಲ್ಲನ್ನ ಹಿಡ್ಕೊಂಡು ಜಗತ್ತಿಗೆಲ್ಲಾ ಸಾರಿದ್ರು, ಇವತ್ತು ಎಷ್ಟೋ ದೇಶಗಳಲ್ಲಿ ಹೆದ್ದಾರಿಯ ಇಳಿಜಾರು ಹಿಡಿದಿರೋದು ಲಾವಂಚದ ಬೇರು. ನಮ್ಮ ಹೆದ್ದಾರಿ ಮಾಡೋರು ಗುಡ್ಡ ನೆಟ್ಟಗೆ ಕಡಿದು ಹಾಗೇ ಬಿಟ್ಟು ಹೋಗ್ತಾರೆ.

ಸಮಯದ್ದೂ ಒಂದು ಗೋಳು. ಆಷಾಢದಲ್ಲಿ ಗುದ್ದಲಿ ಪೂಜೆ ಆಗಬಾರದು ಅಂತ ಅದಕ್ಕೆ ಮುಂಚೆನೇ ಅವಸರ ಅವಸರವಾಗಿ ಪೂಜೆ ಮುಗಿಸಿ ಇಡೀ ಸೈಟ್ ಅಗೆದು ಹಾಕ್ತಾರೆ, ಪಾಯ ತೆರೆದಿಟ್ಟು ಮಳೆಗಾಲ ಪೂರ್ತಿ ಕಳೀತಾರೆ, ಬೆಂಗಳೂರಲ್ಲಿ ಅತಿ ಹೆಚ್ಚು ಮಳೆ ಬೀಳೋ ಸೆಪ್ಟೆಂಬರ್ ಹೊತ್ತಿಗೆ ತೋಡಿದ ಮಣ್ಣಿನ ಗುಡ್ಡೆ ಇನ್ನೂ ರಸ್ತೆ ಬದಿಯಲ್ಲೇ. ಪಂಚಾಂಗ ನೋಡೋರು ಹವಾಮಾನ ಇಲಾಖೆಯ ಪುಟವನ್ನೂ ನೋಡಿದ್ರೆ ಏನು ಗಂಟು ಹೋಗತ್ತೆ? ಅಗೆಯೋದನ್ನ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಕೊಂಡು, ಅವತ್ತಿಗೆ ಬೇಕಾದಷ್ಟೇ ತೆರೆದ್ರೆ ಅರ್ಧ ಕೆಲಸ ಅಲ್ಲೇ ಆಯ್ತು.

ಮಣ್ಣು ಅಂತ ಹೇಳ್ತಾ ಕಾಂಕ್ರೀಟ್ ಮರೆಯೋದು ಬೇಡ. ರೆಡಿ ಮಿಕ್ಸ್ ಲಾರಿ ತೊಳೆದ ಬೂದಿ ಬಣ್ಣದ ನೀರಿನ ಪಿಎಚ್ 12 ದಾಟಿರತ್ತೆ, ಕೈ ಸುಡತ್ತೆ, ಮೀನಿಗೆ ಅದು ವಿಷ. ಅದನ್ನ ಮೋರಿಗೆ ಬಿಡದೆ ಪ್ಲಾಸ್ಟಿಕ್ ಶೀಟ್ ಹಾಸಿದ ಗುಂಡಿಗೆ ಬಿಟ್ರೆ ನೀರು ಆರಿ ಸಿಮೆಂಟ್ ಗಟ್ಟಿಯಾಗತ್ತೆ, ಒಡೆದು ಸೈಟ್‌ನ ಗೇಟ್ ಹತ್ರ ಜಲ್ಲಿ ಜೊತೆ ಹಾಸಿದ್ರೆ ಟಿಪ್ಪರ್ ಚಕ್ರದ ಕೆಸರು ಅಲ್ಲೇ ಉದುರತ್ತೆ. ಎಂ ಸ್ಯಾಂಡ್ ರಾಶಿಗೆ ಒಂದು ಟಾರ್ಪಾಲ್, ಅಂಚಿಗೆ ಒಂದು ಸಾಲು ಇಟ್ಟಿಗೆ. ಟಾರ್ಪಾಲ್ ಹಾರದಂತೆ ಆ ಇಟ್ಟಿಗೆಯನ್ನೇ ಮೇಲಿಡಬಹುದು.