ಅಲುಗುವ ಎರಡು ತುದಿಗಳು: ಕಡಿಮೆ ಹಣದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಿಟಾರ್ ಕಲಿಯಲು ಕುಳಿತ ಮೊದಲ ವರ್ಷ ಈ ಗಾದೆಯನ್ನು ನನಗೆ ನಾನೇ ದಿನವೂ ಹೇಳಿಕೊಳ್ಳುತ್ತಿದ್ದೆ. ಆರು ತಂತಿಗಳನ್ನೂ ಟ್ಯೂನರ್ ನೋಡಿ ಶ್ರುತಿ ಮಾಡಿ, ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಮೊದಲನೆಯದರ ಬಳಿ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದರೆ ಸ್ವರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೈ ಪಳಗಿಲ್ಲ ಎಂದುಕೊಂಡು ಇನ್ನೂ ಬಲವಾಗಿ ಒತ್ತುತ್ತಿದ್ದೆ. ಒತ್ತಿದಷ್ಟೂ ಅಪಸ್ವರ ಹೆಚ್ಚುತ್ತಿತ್ತು. ಕೊನೆಗೊಂದು ದಿನ ವಾದ್ಯ ರಿಪೇರಿ ಮಾಡುವವರೊಬ್ಬರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ತಂತಿಯನ್ನು ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ಉಳಿದ ಸಂದನ್ನು ತೋರಿಸಿದರು. ಕೂದಲೆಳೆಯಷ್ಟಿರಬೇಕಾದ ಜಾಗದಲ್ಲಿ ದಪ್ಪ ಕಾಗದವನ್ನು ಮಡಚಿ ತೂರಿಸಬಹುದಿತ್ತು. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿಗೆ ನಟ್ ಎನ್ನುತ್ತಾರೆ. ಅದರ ಆರು ಕಚ್ಚುಗಳನ್ನು ಅವರು ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಆಳ ಮಾಡಿಕೊಟ್ಟರು. ಅದೇ ಕಾರ್ಡ್, ಅದೇ ಬೆರಳು, ಸ್ವರಗಳು ಒಂದಾದವು. ನನ್ನ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು.

ನಡೆದದ್ದು ಸರಳ ಭೌತವಿಜ್ಞಾನ. ಎತ್ತರದಲ್ಲಿರುವ ತಂತಿಯನ್ನು ಫ್ರೆಟ್ಟಿಗೆ ತಾಗುವವರೆಗೆ ಒತ್ತಿದಾಗ ಅದು ಹಿಗ್ಗುತ್ತದೆ, ಬಿಗಿ ಹೆಚ್ಚುತ್ತದೆ, ಸ್ವರ ಮೇಲೇರುತ್ತದೆ. ನಟ್ಟಿಗೆ ಅಂಟಿಕೊಂಡಂತಿರುವ ಮೊದಲ ಫ್ರೆಟ್ಟಿನಲ್ಲಿ ಈ ಏರಿಕೆ ಎಲ್ಲಕ್ಕಿಂತ ಹೆಚ್ಚು. ಹೊಸಬರು ಕಲಿಯುವುದೆಲ್ಲ ಅಲ್ಲಿಯೇ. ಎಷ್ಟು ಜನ ತಮ್ಮ ಕಿವಿಯನ್ನು ಹಳಿದುಕೊಂಡು ವಾದ್ಯವನ್ನು ಮೂಲೆಗಿಟ್ಟಿದ್ದಾರೋ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಮತ್ತು ಆಂಪ್ಲಿಫೈಯರನ್ನು ಒಂದೇ ಯಂತ್ರವೆಂದು ನೋಡಿದರೆ, ಅದರಲ್ಲಿ ಅಲುಗುವ ವಸ್ತುಗಳು ಎರಡೇ. ಒಂದು ತುದಿಯಲ್ಲಿ ಉಕ್ಕಿನ ತಂತಿ, ಇನ್ನೊಂದು ತುದಿಯಲ್ಲಿ ಸ್ಪೀಕರಿನ ಕಾಗದದ ಶಂಕು. ನಡುವೆ ಇರುವುದೆಲ್ಲ ವಿದ್ಯುತ್ತು. ಆ ನಡುವಿನ ಭಾಗವನ್ನು ಚೆನ್ನಾಗಿ ಮಾಡುವುದು ಇಂದು ಬಹಳ ಅಗ್ಗ. ಆದರೆ ಫ್ರೆಟ್ಟುಗಳನ್ನು ಒಂದೇ ಮಟ್ಟಕ್ಕೆ ತರಲು, ನಟ್ಟಿನ ಕಚ್ಚನ್ನು ಸರಿಯಾದ ಆಳಕ್ಕೆ ಕೊರೆಯಲು ಈಗಲೂ ಸಮಯ ಮತ್ತು ಪಳಗಿದ ಕೈ ಬೇಕು. ದೊಡ್ಡ ಶಂಕನ್ನು ಚಿಕ್ಕ ಪೆಟ್ಟಿಗೆಯಲ್ಲಿ ಕೂರಿಸಲು ಯಾವ ಜಾಣತನದಿಂದಲೂ ಆಗದು. ಹಣ ಕಡಿಮೆ ಇದ್ದವರು ಅದನ್ನು ಈ ಎರಡು ತುದಿಗಳಿಗೆ ಸುರಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಂತಿಯ ತುದಿ. ಸಾಮಾನ್ಯ ಶ್ರುತಿಯಲ್ಲಿ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ, ಅತಿ ತೆಳು ತಂತಿ ಸುಮಾರು 330 ಸಲ ಕಂಪಿಸುತ್ತದೆ. ಆರೂ ಸೇರಿ ಕತ್ತನ್ನು ಸುಮಾರು 40 ಕಿಲೊ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಈ ಎಳೆತಕ್ಕೆ ಕತ್ತು ಬಿಲ್ಲಿನಂತೆ ಬಾಗದಿರಲೆಂದು ಒಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಅದರ ತಿರುಪು ತಿರುಗಿಸಿ ಬಾಗನ್ನು ಹದಕ್ಕೆ ತರಬಹುದು. ಕೊಳ್ಳುವ ಮುನ್ನ ಬಡಗಿ ಹಲಗೆಯನ್ನು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಬೇಕು. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ಸರಳು ಇರುವುದೇ ಅದಕ್ಕೆ. ಹಗ್ಗದಂತೆ ತಿರುಚಿಕೊಂಡಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ತಿರುಚನ್ನು ಆ ಸರಳು ಸರಿಪಡಿಸುವುದಿಲ್ಲ.

ಆಮೇಲೆ ಕತ್ತಿನ ಎರಡೂ ಅಂಚುಗಳ ಮೇಲೆ ಬೆರಳು ಸವರಿ ನೋಡಿ. ಮರ ಒಣಗಿದಾಗ ಕುಗ್ಗುತ್ತದೆ, ಲೋಹದ ಫ್ರೆಟ್ ಹಾಗೆ ಕುಗ್ಗುವುದಿಲ್ಲ. ಸರಿಯಾಗಿ ಒಣಗಿಸದ ಮರ ಬಳಸಿದ್ದರೆ ಫ್ರೆಟ್ಟುಗಳ ತುದಿ ಹೊರಗೆ ಚಾಚಿ ಬೆರಳಿಗೆ ಗರಗಸದ ಹಾಗೆ ತಾಗುತ್ತದೆ. ನಂತರ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಮೀಟಬೇಕು. ಬೇಸರದ ಕೆಲಸವೇ, ಆದರೆ ಒಂದೇ ಒಂದು ಫ್ರೆಟ್ ಎತ್ತರವಿದ್ದರೂ ಅದರ ಹಿಂದಿನ ಸ್ವರ ಝರ್ ಎನ್ನುತ್ತದೆ ಇಲ್ಲವೇ ಸತ್ತುಹೋಗುತ್ತದೆ. ಫ್ರೆಟ್ಟುಗಳ ನಡುವಿನ ಅಂತರದಲ್ಲಿ ಇಂದು ತಪ್ಪುಗಳು ಅಪರೂಪ. ಪ್ರತಿ ಫ್ರೆಟ್ಟಿನಲ್ಲೂ ಉಳಿದ ತಂತಿಯ ಉದ್ದವನ್ನು ಸುಮಾರು 1.0595ರಿಂದ ಭಾಗಿಸುತ್ತಾ ಹೋದರೆ ಹನ್ನೆರಡನೆಯದಕ್ಕೆ ಉದ್ದ ಸರಿಯಾಗಿ ಅರ್ಧವಾಗುತ್ತದೆ. 648 ಮಿಲಿಮೀಟರ್ ಉದ್ದದ ತಂತಿಗೆ ಮೊದಲ ಫ್ರೆಟ್ 36.4 ಮಿಲಿಮೀಟರ್ ದೂರದಲ್ಲಿ, ಹನ್ನೆರಡನೆಯದು 324ರಲ್ಲಿ. ಈ ಲೆಕ್ಕವನ್ನು ಗಣಕಯಂತ್ರ ನಡೆಸುವ ಗರಗಸ ತಪ್ಪದೆ ಪಾಲಿಸುತ್ತದೆ. ತಪ್ಪುವುದು ಎತ್ತರದಲ್ಲಿ.

ಶ್ರುತಿ ನಿಲ್ಲದ ಗಿಟಾರಿನ ವಿಷಯದಲ್ಲಿ ಜನ ಬಿರಡೆಗಳನ್ನು ದೂರುತ್ತಾರೆ. ಅಪರಾಧಿ ಹೆಚ್ಚಿನ ಸಲ ಮತ್ತೆ ಅದೇ ನಟ್. ಬಿರಡೆಯನ್ನು ನಿಧಾನವಾಗಿ ತಿರುಗಿಸುತ್ತಾ ಟ್ಯೂನರಿನ ಮುಳ್ಳನ್ನು ನೋಡಿ. ಮುಳ್ಳು ಕದಲುವುದಿಲ್ಲ, ಇನ್ನೂ ಸ್ವಲ್ಪ ತಿರುಗಿಸಿದರೂ ಕದಲುವುದಿಲ್ಲ, ಇದ್ದಕ್ಕಿದ್ದಂತೆ ‘ಟಿಂಕ್’ ಎಂಬ ಸಣ್ಣ ಸದ್ದಿನೊಂದಿಗೆ ಬೇಕಾದ ಸ್ವರವನ್ನು ದಾಟಿ ಹಾರುತ್ತದೆ. ತಂತಿ ಇಕ್ಕಟ್ಟಾದ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವುದನ್ನು ಜಾರಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಹಾಗಾಗಿ ಅದು ಹಿಡಿದುಕೊಳ್ಳುತ್ತದೆ, ಬಿಟ್ಟಾಗ ಜಿಗಿಯುತ್ತದೆ. ಆ ಕಚ್ಚಿನಲ್ಲಿ ಪೆನ್ಸಿಲಿನ ಮೊನೆಯನ್ನು ನಾಲ್ಕು ಸಲ ಎಳೆದರೆ ಅದರ ಗ್ರ್ಯಾಫೈಟ್ ಪುಡಿ ಜಾರುಪುಡಿಯಾಗಿ ಕೆಲಸ ಮಾಡುತ್ತದೆ.

ಒಡಲಿನ ಮೇಲೆ ತಂತಿಗಳ ಇನ್ನೊಂದು ತುದಿಯನ್ನು ಹಿಡಿದಿಡುವ ಭಾಗಕ್ಕೆ ಬ್ರಿಜ್ಜು ಎನ್ನುತ್ತಾರೆ. ಶ್ರುತಿ ನಿಲ್ಲಬೇಕೆಂಬ ಇದೇ ಕಾರಣಕ್ಕೆ, ಹಣ ಬಿಗಿಯಾಗಿದ್ದರೆ ಸ್ವರ ಬಳುಕಿಸುವ ಕಂಬಿ ಇರುವ ತೇಲುವ ಬ್ರಿಜ್ಜು ಬೇಡವೇ ಬೇಡ. ಅದರಲ್ಲಿ ಮೇಲಿನ ತಂತಿಗಳ ಎಳೆತವನ್ನು ಹಿಂದಿನ ಸ್ಪ್ರಿಂಗುಗಳು ತೂಗಿ ಹಿಡಿದಿರುತ್ತವೆ. ಒಂದು ತಂತಿಯನ್ನು ಬಿಗಿ ಮಾಡಿದರೆ ಉಳಿದ ಐದೂ ಸಡಿಲವಾಗುತ್ತವೆ. ಅಲುಗದ ಬ್ರಿಜ್ಜು ನೋಡಲು ಸಪ್ಪೆ ಎನಿಸಬಹುದು, ಬಾರಿಸಲು ನೆಮ್ಮದಿ.

ಇನ್ನು ನಡುವಿನ ಭಾಗ. ಪಿಕಪ್ ಎಂಬುದು ಒಂದು ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆ. ಅಯಸ್ಕಾಂತ ಮೇಲಿನ ಉಕ್ಕಿನ ತಂತಿಯನ್ನೂ ಕಾಂತವನ್ನಾಗಿಸುತ್ತದೆ. ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಅಲುಗುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮವಿದು. ಪಿಕಪ್ ಕೇಳಿಸಿಕೊಳ್ಳುವುದು ತಂತಿಯ ಚಲನೆಯನ್ನು, ಮರದ ಸದ್ದನ್ನಲ್ಲ. 1932ರಲ್ಲಿ ಮಾರಾಟಕ್ಕೆ ಬಂದ, ಜಾರ್ಜ್ ಬೀಚಮ್ ರೂಪಿಸಿದ ಎಲೆಕ್ಟ್ರಿಕ್ ಗಿಟಾರಿನ ಒಡಲು ಪೂರ್ತಿ ಅಲ್ಯುಮಿನಿಯಂ ಎರಕವಾಗಿತ್ತು. ಅದರ ಆಕಾರ ನೋಡಿ ಜನ ಅದನ್ನು ಬಾಣಲೆ ಎಂದೇ ಕರೆದರು. ಗಟ್ಟಿ ಒಡಲಿನ ಗಿಟಾರಿನಲ್ಲಿ ಅಪರೂಪದ ಮರಕ್ಕೆಂದು ಹೆಚ್ಚು ಹಣ ತೆರುವುದು ಕಲಿಯುವವರಿಗೆ ತಕ್ಕ ಮಾತಲ್ಲ. ಬಣ್ಣಕ್ಕೆ, ಹೆಸರಿಗೆ ತೆರುವುದೂ ಅಷ್ಟೆ.

ಪಿಕಪ್ಪಿನ ಗುಣಕ್ಕಿಂತ ಅದು ಕುಳಿತ ಜಾಗ ದೊಡ್ಡದು. ಬ್ರಿಜ್ಜಿನ ಬಳಿ ತಂತಿಯ ಅಲುಗಾಟ ಕಡಿಮೆ. ಅಲ್ಲಿ ಮೂಲಸ್ವರ ಕ್ಷೀಣವಾಗಿ, ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಮೇಲ್ಸ್ವರಗಳು ಎದ್ದು ಕಾಣುತ್ತವೆ. ಆದ್ದರಿಂದ ಅದು ಚೂಪು ನಾದ. ಕತ್ತಿನ ಕಡೆಯದು ದುಂಡು ನಾದ. ಒಂದೇ ತಂತಿ, ಒಂದೇ ಮೀಟು, ಎರಡು ಧ್ವನಿ. ಆಯ್ದುಕೊಳ್ಳಬೇಕಾದ ಇನ್ನೊಂದು ಸಂಗತಿ ಒಂಟಿ ಸುರುಳಿಯೋ ಜೋಡಿ ಸುರುಳಿಯೋ ಎಂಬುದು. ಒಂಟಿ ಸುರುಳಿ ಗೋಡೆಯೊಳಗಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಹೆಕ್ಕಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಬಹು ಸೊಗಸಾದದ್ದು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಒಂದರ ಕಾಂತಧ್ರುವವನ್ನು ಇನ್ನೊಂದರದಕ್ಕೆ ವಿರುದ್ಧವಾಗಿ ಇಟ್ಟರೆ, ಹೊರಗಿನ ಗುಂಯ್ ಸದ್ದು ಒಂದನ್ನೊಂದು ಅಳಿಸುತ್ತದೆ, ತಂತಿಯ ಸ್ವರ ಮಾತ್ರ ಕೂಡಿಕೊಳ್ಳುತ್ತದೆ. ಹಮ್‌ಬಕರ್, ಅಂದರೆ ಗುಂಯ್ ಸದ್ದನ್ನು ತಡೆಯುವುದು, ಎಂಬ ಹೆಸರು ಬಂದದ್ದು ಅದರಿಂದಲೇ. ಹಳೆಯ ವೈರಿಂಗಿನ ಮನೆಯಲ್ಲಿ, ಕಂಪ್ಯೂಟರಿನ ಪಕ್ಕ ಕುಳಿತು, ರಾಕ್ ಸಂಗೀತದ ಹಾಗೆ ಧ್ವನಿಯನ್ನು ಒರಟಾಗಿ ಒಡೆದು ನುಡಿಸುವ ಆಸೆಯಿದ್ದವರಿಗೆ ಜೋಡಿ ಸುರುಳಿಯೇ ಸರಿ.

ಕೇಬಲ್ ವಿಷಯದಲ್ಲಿ ಒಂದೇ ಮಾತು: ಗಟ್ಟಿಯಾದದ್ದು, ಮೂರು ಮೀಟರಿನದು ಸಾಕು. ಕೇಬಲ್ ಉದ್ದವಾದಷ್ಟೂ ಅದರ ಧಾರಕತೆ (ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುವ ಗುಣ) ಹೆಚ್ಚಿ, ಪಿಕಪ್ಪಿನ ಚೂಪು ಸ್ವರಗಳು ದಾರಿಯಲ್ಲೇ ಮಂಕಾಗುತ್ತವೆ.

ಎರಡನೆಯ ತುದಿಗೆ ಬಂದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ನಮ್ಮ ಕಿವಿ ವ್ಯಾಟುಗಳನ್ನು ಎಣಿಸುವುದಿಲ್ಲ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನಿಸಲು ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. 10 ವ್ಯಾಟಿನ ಜಾಗಕ್ಕೆ 20 ವ್ಯಾಟ್ ತಂದರೆ ಹೆಚ್ಚುವುದು ಬರೀ 3 ಡೆಸಿಬೆಲ್, ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ಒಳ್ಳೆಯ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ದಾಟುತ್ತದೆ. ಮಲಗುವ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ 100 ವ್ಯಾಟಿನ ಪೆಟ್ಟಿಗೆ ಮೂಗಿಗಿಂತ ಮೂಗುತಿ ಭಾರ.

ವ್ಯಾಟ್ ಬಿಟ್ಟು ಶಂಕಿನ ಅಗಲ ನೋಡಿ. ತಗ್ಗು ಸ್ವರಕ್ಕೆ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಒಂದು ಸ್ವರವನ್ನು ಅಷ್ಟೇ ಸದ್ದಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಲು ಶಂಕು ನಾಲ್ಕು ಪಟ್ಟು ದೂರ ಹಿಂದುಮುಂದು ಓಡಾಡಬೇಕಾಗುತ್ತದೆ. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕಿಳಿಯುವುದರಿಂದ ಅದಕ್ಕೂ ಮತ್ತೆ ನಾಲ್ಕು ಪಟ್ಟು. ಅಂಗೈಯಗಲದ ಸ್ಪೀಕರಿನಿಂದ ಇದು ಆಗದ ಕೆಲಸ. ಆದರೂ ಅದರಲ್ಲಿ ದಪ್ಪ ತಂತಿಯ ಸ್ವರ ನಮಗೆ ಗುರುತು ಸಿಗುತ್ತದಲ್ಲ? ಅದು ಮಿದುಳಿನ ಉಪಕಾರ. 164, 246, 328 ಎಂಬ ಮೇಲ್ಸ್ವರಗಳ ಸಾಲು ಕೇಳಿದೊಡನೆ, ಅಲ್ಲಿಲ್ಲದ 82ನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಸ್ವರ ತಿಳಿಯುತ್ತದೆ, ಎದೆಗೆ ತಟ್ಟುವುದಿಲ್ಲ. ಎಂಟು ಇಂಚಿನ ಶಂಕು ನನ್ನ ಲೆಕ್ಕದಲ್ಲಿ ಕನಿಷ್ಠ, ಹತ್ತು ಸಿಕ್ಕರೆ ಸಂತೋಷ.

ಆಂಪ್ಲಿಫೈಯರಿನೊಳಗೆ ವಾಲ್ವೋ (ಹಳೆಯ ಕಾಲದ ಗಾಜಿನ ನಿರ್ವಾತ ಕೊಳವೆ) ಟ್ರಾನ್ಸಿಸ್ಟರೋ ಡಿಜಿಟಲ್ಲೋ ಎಂಬ ಜಗಳ ಬಹಳ ಹಳೆಯದು. ಅದರ ಬೇರು ಇಲ್ಲಿದೆ: ಆಂಪ್ಲಿಫೈಯರಿಗೆ ತಾಳಲಾರದಷ್ಟು ಸಂಕೇತ ಕೊಟ್ಟಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲದಲ್ಲಿಲ್ಲದ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ರಾಕ್ ಸಂಗೀತದ ಆ ಒರಟು ನಾದ ಇದೇ. ವಾಲ್ವುಗಳಲ್ಲಿ ನೆತ್ತಿ ಮೆಲ್ಲಗೆ ಬಾಗುತ್ತದೆ, ಸಾದಾ ಟ್ರಾನ್ಸಿಸ್ಟರ್ ಮಂಡಲದಲ್ಲಿ ಕತ್ತರಿಸಿದಂತೆ ಮೊಟಕಾಗುತ್ತದೆ. ಆದರೆ ವಾಲ್ವಿಗೆ ನೂರಾರು ವೋಲ್ಟಿನ ವಿದ್ಯುತ್ತು, ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆ ಇಳಿಯುವುದು ಕಷ್ಟ. ಆ ಬಾಗನ್ನು ಲೆಕ್ಕದಲ್ಲಿ ಹಿಡಿದು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಗುಣಿಸಿ ನುಡಿಸುವ ಚಿಪ್ಪು ಇಂದು ಅಗ್ಗ. ಮೊದಲ ಆಂಪ್ಲಿಫೈಯರ್ ಡಿಜಿಟಲ್ ಆಗಿರಲಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಸದ್ದು ಕಡಿಮೆ ಇಟ್ಟರೂ ಒರಟು ನಾದ ಸಿಗುತ್ತದೆ, ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯೂ ನುಡಿಸಬಹುದು.

ಪರೀಕ್ಷಿಸುವಾಗ ಗಿಟಾರನ್ನು ಮೊದಲು ಯಾವುದಕ್ಕೂ ಜೋಡಿಸದೆ ನುಡಿಸಿ. ಫ್ರೆಟ್ಟಿನ, ನಟ್ಟಿನ ಕುಂದುಗಳು ಆ ಬರಿಯ ಸದ್ದಿನಲ್ಲಿ ಬಯಲಾಗುತ್ತವೆ. ಒರಟು ನಾದದ ಕೆಳಗೆ ಎಲ್ಲವೂ ಮುಚ್ಚಿಹೋಗುತ್ತದೆ. ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವುದಾದರೆ ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ. ಸದ್ದು ಕಡಿಮೆಯಾದಾಗ ಕಿವಿ ತಗ್ಗು ಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ ಎಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಜೋರಾಗಿರುವುದು ಸುಮ್ಮನೆ ತುಂಬಿದಂತೆ ಕೇಳಿಸಿ ನಮ್ಮನ್ನು ಒಲಿಸಿಕೊಳ್ಳುತ್ತದೆ.

ಬಳಸಿದ ವಾದ್ಯವನ್ನು ಕೊಳ್ಳಲು ಹಿಂಜರಿಯಬೇಡಿ. ಬಣ್ಣ ಕೆತ್ತಿಹೋಗಿದ್ದರೆ ಸ್ವರಕ್ಕೇನೂ ಆಗದು, ಬೆಲೆ ಇಳಿಯುತ್ತದೆ. ಫ್ರೆಟ್ಟುಗಳ ಮೇಲೆ ತಂತಿ ಕೊರೆದ ಆಳವಾದ ಗುಳಿಗಳಿದ್ದರೆ ಮಾತ್ರ ಯೋಚಿಸಿ. ಆಂಪ್ಲಿಫೈಯರಿನ ಗುಬುಟು ತಿರುಗಿಸಿದಾಗ ಕರಕರ ಎಂದರೆ ಅದು ಒಳಗಿನ ದೂಳು, ತೊಳೆಯುವ ದ್ರವ ಸಿಂಪಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಏನನ್ನೂ ಜೋಡಿಸದಿದ್ದರೂ ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ವಿದ್ಯುತ್ತನ್ನು ಸೋಸುವ ಕೆಪಾಸಿಟರುಗಳು ಸೋತಿರುವ ಸಂಭವ ಹೆಚ್ಚು. ಅದನ್ನು ಬಿಟ್ಟುಬಿಡುವುದು ಲೇಸು.

ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿದರೆ ಆರು ಗಿಟಾರಿಗೆ, ಮೂರು ಆಂಪ್ಲಿಫೈಯರಿಗೆ ಇಡುತ್ತೇನೆ. ಉಳಿದ ಒಂದು ಪಾಲನ್ನು ಏನೇ ಆದರೂ ಮುಟ್ಟುವುದಿಲ್ಲ. ಅದು ಕೇಬಲ್ಲಿಗೆ, ಆರು ಹೊಸ ತಂತಿಗಳ ಒಂದು ಸೆಟ್ಟಿಗೆ, ಮತ್ತು ಆ ಸಣ್ಣ ಅರ ಹಿಡಿದು ಕೂರುವವರ ಒಂದು ಗಂಟೆಯ ಕೆಲಸಕ್ಕೆ. ಹೊಸ ತಂತಿ ಹಾಕಿದ ದಿನ ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ಮೇಲಕ್ಕೆಳೆದು ಬಿಟ್ಟು, ಇಳಿದ ಶ್ರುತಿಯನ್ನು ಮತ್ತೆ ಏರಿಸಿ, ಇನ್ನೊಮ್ಮೆ ಎಳೆಯಬೇಕು. ಬಿರಡೆಗೆ ಸುತ್ತಿದ ಸುತ್ತುಗಳು ಬಿಗಿಯಾಗಿ ಕೂರುವವರೆಗೆ, ನಾಲ್ಕೈದು ಸಲ. ಆಮೇಲೆ ಎಳೆದರೂ ಮುಳ್ಳು ಕದಲುವುದಿಲ್ಲ.