ಕಂಪ್ಯೂಟರ್ ಸಂಗೀತ ಮತ್ತು ಕಾಲದ ಲೆಕ್ಕ

1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಂ ಐಬಿಎಂ 704 ಯಂತ್ರದಲ್ಲಿ 17 ಸೆಕೆಂಡುಗಳ ಕಿರು ರಚನೆಯೊಂದನ್ನು ಸಿದ್ಧಪಡಿಸಿತು. ಲೆಕ್ಕವೆಲ್ಲ ಮುಗಿದು, ಅಂಕಿಗಳು ಟೇಪಿಗೆ ಸೇರಿ, ಅವುಗಳನ್ನು ಧ್ವನಿಯಾಗಿ ಪರಿವರ್ತಿಸಿದ ಮೇಲಷ್ಟೇ ಸಂಗೀತ ಕೇಳಿಸುತ್ತಿತ್ತಾದ್ದರಿಂದ, ನಡುವೆ ಕೈಯಾಡಿಸಲು ವಾದಕರಿಗೆ ಜಾಗವೇ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಮ್ಯಾಥ್ಯೂಸ್ ಅವರೂ ಎಫ್. ರಿಚರ್ಡ್ ಮೂರ್ ಅವರೂ ರೂಪಿಸಿದ ಗ್ರೂವ್ ವ್ಯವಸ್ಥೆ ಆ ಜಾಗವನ್ನು ಒದಗಿಸಿತು: ಧ್ವನಿ ಹುಟ್ಟಿಸುವ ಭಾರವನ್ನು ಅನಲಾಗ್ ಸಿಂಥಸೈಜರಿಗೆ ಬಿಟ್ಟ ಕಂಪ್ಯೂಟರ್, ವಾದಕರ ಕೈಚಲನೆಗೆ ಆ ಕ್ಷಣದಲ್ಲೇ ಸ್ಪಂದಿಸತೊಡಗಿತು.

ವಾದ್ಯಗಳೂ ಕಂಪ್ಯೂಟರುಗಳೂ ಸ್ವರದ ಸಂದೇಶಗಳನ್ನು ಪರಸ್ಪರ ಕಳಿಸಲೆಂದು 1983ರಲ್ಲಿ ಬಂದ ಮಿಡಿ ಮಾನದಂಡದ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರವನ್ನು ಆರಂಭಿಸುವ ಮೂರು ಬೈಟುಗಳ ಸಂದೇಶ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಹತ್ತು ಸ್ವರಗಳನ್ನು ಒಟ್ಟಿಗೆ ಒತ್ತಿದರೂ ಅವು ಒಂದರ ಹಿಂದೊಂದು ಸಾಲುಗಟ್ಟಿಯೇ ಹೊರಡುತ್ತವೆ. ಸ್ವರದ ಸಂದೇಶದಲ್ಲಿ ‘ಯಾವಾಗ’ ಎಂಬ ಮಾಹಿತಿಯೂ ಇಲ್ಲ, ಅದು ಬಂದು ತಲುಪಿದ ಗಳಿಗೆಯೇ ಅದರ ಕಾಲ.

ಧ್ವನಿಯನ್ನೂ ಕಂಪ್ಯೂಟರೇ ಹುಟ್ಟಿಸಿದಾಗ ಬಫರಿನ, ಅಂದರೆ ಲೆಕ್ಕಹಾಕಿದ ಧ್ವನಿಯನ್ನು ಹೊರಬಿಡುವ ಮುನ್ನ ಕೂಡಿಟ್ಟುಕೊಳ್ಳುವ ಜಾಗದ, ತಡ ಸೇರಿಕೊಳ್ಳುತ್ತದೆ. ಸೆಕೆಂಡಿಗೆ 44,100 ಮಾದರಿಗಳ (ಧ್ವನಿಯನ್ನು ಕ್ಷಣಕ್ಷಣಕ್ಕೂ ಸೂಚಿಸುವ ಅಂಕಿಗಳ) ದರದಲ್ಲಿ 512 ಮಾದರಿಗಳ ಬಫರ್ ಎಂದರೆ 11.6 ಮಿಲಿಸೆಕೆಂಡ್. ಅದನ್ನು 64ಕ್ಕೆ ಇಳಿಸಿದರೆ ತಡ 1.5 ಮಿಲಿಸೆಕೆಂಡಿಗೆ ಕುಗ್ಗುತ್ತದೆ, ಆದರೆ ಲೆಕ್ಕ ಸ್ವಲ್ಪ ಹಿಂದೆ ಬಿದ್ದರೂ ಧ್ವನಿ ಕಡಿದು ಚಟಪಟ ಸದ್ದು ಬರುತ್ತದೆ. ತಡಕ್ಕಿಂತ ಅದರ ಏರಿಳಿತವೇ ಹೆಚ್ಚು ಕಾಡುವಂಥದು. 10 ಮಿಲಿಸೆಕೆಂಡಿನಲ್ಲಿ ಧ್ವನಿ ಗಾಳಿಯಲ್ಲಿ ಸುಮಾರು 3.4 ಮೀಟರ್ ಸಾಗುತ್ತದೆ. ಅಷ್ಟು ದೂರ ಕುಳಿತ ಜೊತೆಗಾರರೊಂದಿಗೆ ವಾದಕರು ಸಲೀಸಾಗಿ ಹೊಂದಿಕೊಳ್ಳುತ್ತಾರೆ, ಆದರೆ ಆ ದೂರ ಪ್ರತಿ ಪೆಟ್ಟಿಗೂ ಬದಲಾದರೆ ಕೈ ತಡವರಿಸುತ್ತದೆ. ಸಂಶೋಧಕರಾದ ಡೇವಿಡ್ ವೆಸ್ಸೆಲ್ ಮತ್ತು ಮ್ಯಾಥ್ಯೂ ರೈಟ್ 10 ಮಿಲಿಸೆಕೆಂಡ್ ತಡಕ್ಕೆ ಒಪ್ಪಿ, ಏರಿಳಿತಕ್ಕೆ 1 ಮಿಲಿಸೆಕೆಂಡಿನ ಮಿತಿ ಸೂಚಿಸಿದ್ದು ಇದೇ ಕಾರಣಕ್ಕಿರಬೇಕು.

ಯಂತ್ರದೊಳಗಿನ ಕಾಲ ಕರಾರುವಾಕ್ಕಾದರೂ ಜೊತೆಗೂಡಿ ನುಡಿಸುವ ಸಮಸ್ಯೆ ಬಗೆಹರಿಯುವುದಿಲ್ಲ. 1984ರಲ್ಲಿ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಪ್ರತ್ಯೇಕವಾಗಿ ಮುಂದಿಟ್ಟ ವ್ಯವಸ್ಥೆಗಳು ಪಕ್ಕವಾದ್ಯ ನುಡಿಸಲೆಂದು ವಾದಕರನ್ನು ಆಲಿಸುತ್ತಾ ಸ್ವರಲಿಪಿಯಲ್ಲಿ ಅವರು ಎಲ್ಲಿದ್ದಾರೆಂದು ಹುಡುಕುತ್ತಿದ್ದವು. ಸ್ವರ ಕೇಳಿದ ಮೇಲೆ ಹೊರಡುವ ಪಕ್ಕವಾದ್ಯ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಇರುವುದರಿಂದ, ಯಂತ್ರ ಮುಂದಿನ ಪೆಟ್ಟನ್ನು ನಡೆಯ ವೇಗದಿಂದ ಊಹಿಸಬೇಕು. ವಾದಕರು ಒಂದು ಸ್ವರವನ್ನು ಎಳೆದರೆ ಅಥವಾ ಬಿಟ್ಟೇಬಿಟ್ಟರೆ ಆ ಊಹೆ ತಪ್ಪುತ್ತದೆ. ಪ್ಯಾರಿಸ್ಸಿನ ಇರ್ಕಾಮ್ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಅರ್ಶಿಯಾ ಕೊಂಟ್ ಬೆಳೆಸಿದ ಆಂಟೆಸ್ಕೋಫೋ ಎಂಬ ಇಂಥದೇ ವ್ಯವಸ್ಥೆಯಲ್ಲಿ, ತಪ್ಪಿಹೋದ ಸ್ವರಕ್ಕೆ ಕಟ್ಟಿದ ಎಲೆಕ್ಟ್ರಾನಿಕ್ ಧ್ವನಿಯನ್ನು ಕೈಬಿಡಬೇಕೆ, ತಡವಾಗಿಯಾದರೂ ನುಡಿಸಬೇಕೆ ಎಂಬುದನ್ನು ರಚನಕಾರರೇ ಸ್ವರಲಿಪಿಯಲ್ಲಿ ಬರೆದಿಡುತ್ತಾರೆ.